ಟ್ರ್ಯಾಕ್ಟರ್ ಡೀಸೆಲ್ ಎಂಜಿನ್‌ನ ಶಕ್ತಿವರ್ಧನೆ: ಸಿಲಿಂಡರ್ ಹೆಡ್‌ನ ಗಾಳಿಯ ಹರಿವನ್ನು ಹೋಲಿಸುವ ಕ್ರಮ

ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಕೂರಿಗೆ ಭತ್ತ, ಮೆಕ್ಕೆಜೋಳ, ಹತ್ತಿ ಹಾಗೂ ಕಬ್ಬಿನ ಬೇಸಾಯವು ಬಹುಮಟ್ಟಿಗೆ ಟ್ರ್ಯಾಕ್ಟರನ್ನು ಅವಲಂಬಿಸಿದೆ. ಮುಂಗಾರಿನ ಹದ ಕೆಲವೇ ದಿನ ಉಳಿಯುತ್ತದೆ. ಆಗ ಎಂಜಿನ್ ಸೋತರೆ ಬಿತ್ತನೆ ತಡವಾಗಿ ಇಳುವರಿಗೇ ಪೆಟ್ಟು ಬೀಳುತ್ತದೆ. ಆದ್ದರಿಂದ ಹೆಡ್ ಕೊರೆಸಿ ಅಥವಾ ಡೀಸೆಲ್ ಪಂಪು ಏರಿಸಿ ಶಕ್ತಿ ಹೆಚ್ಚಿಸಿಕೊಳ್ಳಲು ಕೆಲವು ರೈತರು ಮುಂದಾಗುತ್ತಾರೆ. ಹಣ ತೊಡಗಿಸುವ ಮುನ್ನ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ.

ಗಾಳಿ ಮತ್ತು ಶಕ್ತಿಯ ಸಂಬಂಧ

ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಇಂಧನವೂ ಗಾಳಿಯೂ ಸಂಪೂರ್ಣ ಬೆರೆಯಲು ಸಮಯ ಸಾಲದು. ಹೊಗೆಯಿಲ್ಲದೆ ಉರಿಯಲು 20 ಕಿಲೋದಷ್ಟು ಗಾಳಿ ದೊರೆಯಬೇಕು.

ಉದಾಹರಣೆಗೆ, 2,500 ಸಿ.ಸಿ. ಸಾಮರ್ಥ್ಯದ, ಟರ್ಬೊ ಇಲ್ಲದ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುತ್ತದೆ. ಸಿಲಿಂಡರು ಶೇ. 85ರಷ್ಟು ತುಂಬಿದರೆ ಗಂಟೆಗೆ ಸುಮಾರು 145 ಕಿಲೋ ಗಾಳಿ ಒಳಬರುತ್ತದೆ. ಇದಕ್ಕೆ ಹೊಂದುವ ಡೀಸೆಲ್ 7.25 ಕಿಲೋ, ದೊರೆಯುವ ಶಕ್ತಿ ಸುಮಾರು 39 ಅಶ್ವಶಕ್ತಿ. ಗಾಳಿ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಸಿಗುವ ಶಕ್ತಿ ಅಲ್ಪ. ಕಪ್ಪು ಹೊಗೆ, ಪಿಸ್ಟನ್ನಿನ ಅತಿತಾಪ ಹಾಗೂ ಇಂಧನ ನಷ್ಟ ಅಧಿಕ.

ಸ್ಥಳೀಯ ಪರಿಸ್ಥಿತಿ

ಈ ಭಾಗದ ಸಾಗುವಳಿ ಪ್ರದೇಶವು ಬಹುಪಾಲು ಸಮುದ್ರಮಟ್ಟದಿಂದ 500 ಮೀಟರ್ ಆಸುಪಾಸಿನಲ್ಲಿದೆ. ಪ್ರತಿ 100 ಮೀಟರಿಗೆ ಗಾಳಿಯ ಸಾಂದ್ರತೆ ಸುಮಾರು ಶೇ. 1ರಷ್ಟು ತಗ್ಗುತ್ತದೆ. ಉಷ್ಣಾಂಶ 20ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಮತ್ತೆ ಶೇ. 6ರಷ್ಟು ಕಡಿಮೆಯಾಗುತ್ತದೆ. ಇವು ಸಹಜ ಮಿತಿಗಳು. ನಿಜವಾದ ಹಾನಿ ಕೆಮ್ಮಣ್ಣಿನ ಧೂಳಿನದು. ಬೇಸಿಗೆಯ ಉಳುಮೆ, ಒಕ್ಕಣೆ ಮತ್ತು ಕಬ್ಬು ಸಾಗಣೆಯ ದಿನಗಳಲ್ಲಿ ಏರ್ ಕ್ಲೀನರ್ ಕಟ್ಟಿಕೊಂಡು ಎಂಜಿನ್ ಉಸಿರುಗಟ್ಟುತ್ತದೆ.

ಎರಡು ಹೆಡ್‌ಗಳನ್ನು ಹೋಲಿಸುವಾಗ

ಹೆಡ್‌ನ ಹರಿವನ್ನು ಫ್ಲೋ ಬೆಂಚ್ ಎಂಬ ಯಂತ್ರದಲ್ಲಿ ಅಳೆದು, ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಹೇಳಲಾಗುತ್ತದೆ. ಆ ಸಂಖ್ಯೆಯನ್ನು ಹೀಗೆ ಪರಿಶೀಲಿಸಿ:

1. ಒತ್ತಡದ ಅಂತರ ಒಂದೇ ಆಗಿರಬೇಕು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. 10 ಇಂಚು ನೀರಿನ ಒತ್ತಡದಲ್ಲಿ 100 ಘನ ಅಡಿ ತೋರಿದ ಹೆಡ್, ಏನೂ ಬದಲಾಗದೆಯೇ 28 ಇಂಚಿನಲ್ಲಿ 167 ಘನ ಅಡಿ ತೋರುತ್ತದೆ.
2. ವಾಲ್ವ್ ಎತ್ತರ ಒಂದೇ ಇರಬೇಕು. ವಾಲ್ವ್ ತನ್ನ ವ್ಯಾಸದ ಕಾಲುಭಾಗದಷ್ಟು ತೆರೆದ ಮೇಲೆ ಹರಿವನ್ನು ಮುಖ್ಯವಾಗಿ ಪೋರ್ಟ್ ನಿರ್ಧರಿಸುತ್ತದೆ. 40 ಮಿ.ಮೀ. ವಾಲ್ವಿಗೆ ಈ ಮಿತಿ 10 ಮಿ.ಮೀ. ನಿಮ್ಮ ಕ್ಯಾಮ್ ಎತ್ತುವಷ್ಟರೊಳಗಿನ ಅಳತೆಗಳೇ ನಿಮಗೆ ಉಪಯುಕ್ತ.
3. ಸುಳಿಯನ್ನೂ ಅಳೆದಿರಬೇಕು. ನೇರ ಇಂಜೆಕ್ಷನ್ ಡೀಸೆಲ್ ಎಂಜಿನ್‌ಗಳಲ್ಲಿ ಒಳಹರಿವಿನ ಪೋರ್ಟನ್ನು ತಿರುವಾಗಿ ರೂಪಿಸುವುದು ಗಾಳಿ ಸುತ್ತುತ್ತಾ ಒಳಬಂದು ಡೀಸೆಲಿನೊಂದಿಗೆ ಬೆರೆಯಲೆಂದು. ಆ ತಿರುವನ್ನು ಉಜ್ಜಿ ಅಗಲಿಸಿದರೆ ಬೆಂಚಿನಲ್ಲಿ ಹರಿವು ಹೆಚ್ಚೀತು, ಹೊಲದಲ್ಲಿ ಹೊಗೆ ಹೆಚ್ಚೀತು. ಪೆಟ್ರೋಲ್ ಎಂಜಿನ್ನಿನ ಅನುಭವವನ್ನು ಇಲ್ಲಿಗೆ ಅನ್ವಯಿಸಬಾರದು.

ಅನುಸರಿಸಬೇಕಾದ ಕ್ರಮ

• ಏರ್ ಕ್ಲೀನರ್ ಪರೀಕ್ಷಿಸಿ. ಎಣ್ಣೆಯ ಮಾದರಿಯಲ್ಲಿ ಎಣ್ಣೆಯನ್ನು ಗುರುತಿನ ಮಟ್ಟಕ್ಕಷ್ಟೇ ತುಂಬಿ. ಕೆಸರಾದ ಎಣ್ಣೆ ಬದಲಿಸಿ. ಒಣ ಫಿಲ್ಟರಿನಲ್ಲಿ ಸೂಚಕ ಕೆಂಪಾದರೆ ತಡಮಾಡಬೇಡಿ.
• ಕ್ಲೀನರಿನಿಂದ ಹೆಡ್‌ವರೆಗಿನ ರಬ್ಬರ್ ಪೈಪು, ಕ್ಲಿಪ್ಪುಗಳಲ್ಲಿ ಬಿರುಕಿದೆಯೇ ನೋಡಿ. ಸೋಸದೆ ನುಗ್ಗುವ ಧೂಳು ರಿಂಗು, ಲೈನರುಗಳನ್ನು ಬೇಗ ಸವೆಸುತ್ತದೆ.
• ಟ್ಯಾಪೆಟ್ ಅಂತರವನ್ನು ಕೈಪಿಡಿಯಲ್ಲಿನ ಅಳತೆಗೆ ಹೊಂದಿಸಿ. ಅಂತರ ಹೆಚ್ಚಾದರೆ ವಾಲ್ವ್ ಪೂರ್ತಿ ತೆರೆಯದು. ಇಲ್ಲವಾದರೆ ಪೂರ್ತಿ ಮುಚ್ಚದು.
• ಕಂಪ್ರೆಷನ್ ಮತ್ತು ಇಂಜೆಕ್ಟರ್ ಪರೀಕ್ಷೆ ಮಾಡಿಸಿ.
• ಆಮೇಲೂ ದೋಷ ಉಳಿದರೆ ಹೆಡ್ ಇಳಿಸಿ. ವಾಲ್ವುಗಳನ್ನು ಗ್ರೈಂಡ್ ಮಾಡಿಸಿ ಸೀಟಿಗೆ ಸರಿಯಾಗಿ ಕೂರಿಸಿ, ಪೋರ್ಟಿನ ಮಸಿ ತೆಗೆಸಿ. ವಾಲ್ವ್ ಸೀಟಿನೊಳಗೆ ಮಿತಿಮೀರಿ ಇಳಿದಿದ್ದರೆ ಸೀಟು ಬದಲಿಸಿ. ಅನೇಕ ಹಳೆಯ ಎಂಜಿನ್‌ಗಳಿಗೆ ಇಷ್ಟೇ ಸಾಕು.

ಫಲಿತಾಂಶವನ್ನು ಹೊಲದಲ್ಲೇ ಅಳೆಯಿರಿ. ದುರಸ್ತಿಗೆ ಮುಂಚೆ ಮತ್ತು ನಂತರ ಅದೇ ಮಣ್ಣಿನ ಹದ, ಅದೇ ಉಪಕರಣ, ಅದೇ ಗೇರಿನಲ್ಲಿ ಒಂದು ಎಕರೆ ಉಳುಮೆ ಮಾಡಿ. ಟ್ಯಾಂಕನ್ನು ಮೊದಲೇ ಪೂರ್ತಿ ತುಂಬಿಸಿ, ಕೆಲಸ ಮುಗಿದ ಮೇಲೆ ಮತ್ತೆ ತುಂಬಲು ಎಷ್ಟು ಲೀಟರ್ ಹಿಡಿಯಿತು, ಎಷ್ಟು ಸಮಯ ಹಿಡಿಯಿತು ಎಂದು ಬರೆದಿಡಿ. ಚಕ್ರದ ಜಾರುವಿಕೆ ಶೇ. 15 ಮೀರಿದ್ದರೆ, ಟೈರು ಅಥವಾ ರೋಟವೇಟರ್ ಬ್ಲೇಡು ಸವೆದಿದ್ದರೆ ದೋಷ ಎಂಜಿನ್ನಿನದಲ್ಲ.

ಎಚ್ಚರಿಕೆ

ಡೀಸೆಲ್ ಪಂಪಿನ ಸೀಲ್ ಒಡೆಸಬೇಡಿ. ಟರ್ಬೊಗೆಂದು ರೂಪಿಸದ ಎಂಜಿನ್‌ಗೆ ಹೊರಗಿನಿಂದ ಟರ್ಬೊ ಕೂರಿಸಬೇಡಿ. ಅದರ ಪಿಸ್ಟನ್, ಬೇರಿಂಗ್ ಮತ್ತು ತಂಪುಗೊಳಿಸುವ ವ್ಯವಸ್ಥೆ ಆ ಹೊರೆಗೆ ತಕ್ಕುದಲ್ಲ. ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವಂತಹ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಅಪಘಾತವಾದಾಗ ವಿಮೆಯ ಪರಿಹಾರಕ್ಕೂ ಇದು ತೊಡಕಾಗಬಹುದು.

ಸರಿಯಾದ ನಿರ್ವಹಣೆಯ ನಂತರವೂ ಶಕ್ತಿ ಸಾಲದಿದ್ದರೆ ಹೆಚ್ಚಿನ ಅಶ್ವಶಕ್ತಿಯ ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆಯುವುದು ಅಥವಾ ಉಪಕರಣದ ಅಗಲ ತಗ್ಗಿಸುವುದು ಲೇಸು. ಮೇ ತಿಂಗಳೊಳಗೆ ಈ ಪರೀಕ್ಷೆಗಳನ್ನು ಮುಗಿಸಿಕೊಂಡರೆ ಮೊದಲ ಹದಕ್ಕೆ ನಿಮ್ಮ ಟ್ರ್ಯಾಕ್ಟರ್ ಸಿದ್ಧವಾಗಿರುತ್ತದೆ.