ಝೀಬ್ರಾ ಕಪ್ಪೆಚಿಪ್ಪು ಕೆರೆಯನ್ನು ಶುದ್ಧ ಮಾಡುತ್ತದೆಯೇ?

ಅರ್ಧ ನಿಜ. ಉಗುರಿನಷ್ಟು ದೊಡ್ಡದಾದ ಈ ಪಟ್ಟೆಯ ಚಿಪ್ಪುಜೀವಿ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಸೋಸುತ್ತದೆ, ನೀರು ತಿಳಿಯಾಗುವುದೂ ಹೌದು. ಆದರೆ ಅದು ಹೀಗೆ ಸೋಸಿ ತಿನ್ನುವ ಸೂಕ್ಷ್ಮ ಪಾಚಿ ಸ್ಥಳೀಯ ಕಪ್ಪೆಚಿಪ್ಪುಗಳ ಆಹಾರ ಕೂಡ.

ಕಪ್ಪು ಸಮುದ್ರ, ಕ್ಯಾಸ್ಪಿಯನ್ ಭಾಗದ ಈ ಜೀವಿ ಹಡಗುಗಳು ಸಮತೋಲನಕ್ಕೆ ತುಂಬಿಕೊಳ್ಳುವ ನೀರಿನ ಜೊತೆ ಅಮೆರಿಕ-ಕೆನಡಾ ಗಡಿಗೆ ಬಂತು. 1988ರಲ್ಲಿ ಅಲ್ಲಿನ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಗಟ್ಟಿ ಎಳೆಗಳಿಂದ ಸ್ಥಳೀಯ ಚಿಪ್ಪಿನ ಮೇಲೇ ನೂರಾರು ಅಂಟಿ ಕೂರುತ್ತವೆ. ಕೆಳಗಿನದಕ್ಕೆ ಬಾಯಿ ತೆರೆಯಲಾಗದು, ಸರಿಯಲಾಗದು. ಕೆಲವೇ ವರ್ಷಗಳಲ್ಲಿ ಆ ಸರೋವರದ ಬಹುಪಾಲು ಸ್ಥಳೀಯ ಕಪ್ಪೆಚಿಪ್ಪುಗಳು ಇಲ್ಲವಾದವು.

ಔಷಧಿ ಹಾಕಿ ಕೊಲ್ಲಬಾರದೇ? 2006ರಲ್ಲಿ ವರ್ಜೀನಿಯಾದ ನೀರು ತುಂಬಿದ ಮಿಲ್‌ಬ್ರೂಕ್ ಕಲ್ಲುಕ್ವಾರಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ (ನಮ್ಮ ರೈತರು ಹಾಕುವ ಪೊಟ್ಯಾಷ್ ಗೊಬ್ಬರವೇ!) ಬೆರೆಸಿ ಪೂರ್ತಿ ನಾಶ ಮಾಡಿದರು. ಅದು ಹೊರಗೆ ಹರಿಯದ ಸಣ್ಣ ಹೊಂಡ. ದೊಡ್ಡ ಸರೋವರದಲ್ಲಿ ಇದು ನಡೆಯದು. ಮೇಲಾಗಿ ಪೊಟ್ಯಾಸಿಯಂ ಸ್ಥಳೀಯ ಕಪ್ಪೆಚಿಪ್ಪನ್ನೂ ಕೊಲ್ಲುತ್ತದೆ. ಹಾಗಾಗಿ ಕೆಲವೆಡೆ ಸ್ಥಳೀಯ ಚಿಪ್ಪುಗಳನ್ನು ಆಯ್ದು, ಅಂಟಿದ್ದನ್ನು ಕೈಯಿಂದ ಕೆರೆದು, ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ ಬೇರೆಡೆ ಬಿಡುತ್ತಾರೆ. ನಿಧಾನದ ಕೆಲಸ.

ಬರದಂತೆ ತಡೆಯುವುದೇ ಸುಲಭ. ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಅದಕ್ಕೇ ಅಲ್ಲಿ ದೋಣಿಯನ್ನು ತೊಳೆದು, ನೀರು ಬಸಿದು, ಚೆನ್ನಾಗಿ ಒಣಗಿಸಿಯೇ ಇನ್ನೊಂದು ಕೆರೆಗೆ ಇಳಿಸಿ ಎನ್ನುತ್ತಾರೆ.

2021ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಿದ್ದ ಅಕ್ವೇರಿಯಂ ಪಾಚಿಯುಂಡೆಗಳಲ್ಲೂ ಇವು ಸಿಕ್ಕವು. ಅವನ್ನು ಕುದಿಸಿ ಅಥವಾ ಫ್ರೀಜರಿನಲ್ಲಿಟ್ಟು ಕಸಕ್ಕೆ ಹಾಕಲು ಸೂಚಿಸಲಾಯಿತು. ನಿಮ್ಮ ಮನೆಯಲ್ಲೂ ಮೀನಿನ ತೊಟ್ಟಿ ಇದ್ದರೆ ಅದರ ನೀರು, ಗಿಡ, ಹುಳುಗಳನ್ನು ಕೆರೆಗೆ, ರಾಜಕಾಲುವೆಗೆ ಸುರಿಯಬೇಡಿ.