ಬೈಟೂ

ಭಾನುವಾರ ಬೆಂಗಳೂರಿನಲ್ಲಿ ನಾಲ್ವರು ಗೆಳೆಯರು ಸೇರಿ ಸುತ್ತಾಡಲು ಹೊರಟರೆ, ದಿನವಿಡೀ ಅವರ ಬಾಯಲ್ಲಿ ಅತಿ ಹೆಚ್ಚು ಸಲ ಬರುವ ಪದ ಯಾವುದು? ‘ಟ್ರಾಫಿಕ್’ ಎಂದೀರಿ. ನನ್ನ ಓಟು ‘ಬೈಟೂ’ಗೆ.

ಮೂಲದಲ್ಲಿ ಅದು ‘ಒನ್ ಬೈ ಟೂ’. ಒಂದು ಕಾಫಿ, ಎರಡು ಲೋಟ. ಬಳಸುತ್ತ ಬಳಸುತ್ತ ‘ಒನ್’ ಉದುರಿಹೋಯಿತು. ಆಮೇಲೆ ನಮ್ಮ ‘ಮಾಡು’ ಬಂದು ಅಂಟಿಕೊಂಡು ಕ್ರಿಯಾಪದವೂ ಆಯಿತು: ‘ಗೋಬಿ ಜಾಸ್ತಿಯಾಗುತ್ತೆ ಕಣೋ, ಬೈಟೂ ಮಾಡೋಣ.’ 2022ರಲ್ಲಿ ‘ಬೈ ಟೂ ಲವ್’ ಎಂದು ಸಿನಿಮಾವೇ ಬಂತು. ಹೈದರಾಬಾದಿನ ಚಹಾದಂಗಡಿಗಳಲ್ಲೂ ಒನ್ ಬೈ ಟೂ ಉಂಟು, ಮುಂಬೈಯಲ್ಲಿ ‘ಕಟಿಂಗ್’ ಉಂಟು. ಆದರೆ ಕಟಿಂಗ್ ಚಾಯನ್ನು ಒಬ್ಬನೇ ನಿಂತು ಕುಡಿದು ಹೋಗಬಹುದು. ಒಂಟಿಯಾಗಿ ಬಂದವನು ಬೈಟೂ ಕೇಳಿದರೆ ಸಪ್ಲೈಯರ್ ಅವನ ಬೆನ್ನ ಹಿಂದೆ ಇನ್ಯಾರಿದ್ದಾರೆಂದು ಇಣುಕುತ್ತಾನೆ. ‘ಅರ್ಧ ಕಾಫಿ ಕೊಡಿ’ ಎಂದು ನಮ್ಮಲ್ಲಿ ಯಾರೂ ಕೇಳದಿರುವುದು ಇದಕ್ಕೇ ಇರಬೇಕು. ಅರ್ಧ ಎಂದರೆ ಕಾಣುವುದು ಕಡಿಮೆಯಾದ ಕಾಫಿ; ಬೈಟೂ ಎಂದರೆ ಪಕ್ಕದಲ್ಲಿರುವವನು.

ಈ ಪದದ ಗಣಿತ ಶಾಲೆಯದಲ್ಲ. ನಾಲ್ವರಿದ್ದರೆ ‘ಟೂ ಬೈ ಫೋರ್’ ಎನ್ನುತ್ತೇವೆ. ಲೆಕ್ಕದ ಮೇಷ್ಟ್ರಾದರೆ ಅದನ್ನು ಸಂಕ್ಷೇಪಿಸಿ ಒನ್ ಬೈ ಟೂ ಮಾಡಿಯಾರು. ಹೋಟೆಲಿನಲ್ಲಿ ಹಾಗೆ ಮಾಡಿದರೆ ಇಬ್ಬರು ಬಾಯಿ ಒಣಗಿಸಿಕೊಂಡು ಕೂರಬೇಕು. ‘ಟೂ ಬೈ ತ್ರೀ’ಯಂತೂ ಇನ್ನೂ ನಾಜೂಕು. ಕಾಫಿ ಮಾಡುವವನು ಮೂರು ಲೋಟಗಳನ್ನು ಒತ್ತಾಗಿ ಇಟ್ಟು, ಡಿಕಾಕ್ಷನ್ ಅನ್ನು ಕೈ ನಿಲ್ಲಿಸದೆ ಸಾಲಾಗಿ ಸುರಿದು, ಮೇಲಿಂದ ಹಾಲು ಹೊಯ್ದು, ಯಾವುದೋ ಒಂದಕ್ಕೆ ಕಡಿಮೆಯಾಯಿತೆಂದು ಇನ್ನೊಂದಿಷ್ಟು ನೊರೆ ಹಾಕುತ್ತಾನೆ. ಮೂರು ಪಾಲು ಸೇರಿ ಎರಡಕ್ಕಿಂತ ಜಾಸ್ತಿಯಾಗುವುದು ಅಲ್ಲಿ.

ಹಾಗೆಂದು ಎಲ್ಲಕ್ಕೂ ಬೈಟೂ ಸಲ್ಲದು. ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ, ಗಾಂಧಿಬಜಾರಿಗೆ ಬಂದು, 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಕಾದು ನಿಂತಿರೋ, ಅಲ್ಲಿ ದೋಸೆ ತಲೆಗೊಂದು. ಮಸಾಲೆ ದೋಸೆಯನ್ನು ಪಾಲು ಮಾಡಲು ಹೋದರೆ ಗರಿಗರಿ ಅಂಚು ಒಬ್ಬನಿಗೆ, ಪಲ್ಯ ಇನ್ನೊಬ್ಬನಿಗೆ. ಹಳೇ ಸ್ನೇಹ ಕೆಡುವುದು ಇಂಥಲ್ಲೇ. ಆಮೇಲಿನ ಕಾಫಿ ಬೈಟೂ ಆಗಲಿ, ಅಡ್ಡಿಯಿಲ್ಲ. ನ್ಯಾಷನಲ್ ಕಾಲೇಜಿನಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಿಸಿ, ಎಂ.ಜಿ. ರಸ್ತೆಯಲ್ಲಿ ಇಳಿದು ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳನ್ನು ಹೊಕ್ಕರೆ ಅಲ್ಲಿ ಪುಸ್ತಕವೂ ಬೈಟೂ: ಒಬ್ಬ ಕೊಳ್ಳುವುದು, ಇನ್ನೊಬ್ಬ ಮೊದಲು ಓದುವುದು. (ಕೊಂಡವನಿಗೆ ಅದು ವಾಪಸು ಬರುವ ಖಾತರಿಯಿಲ್ಲ.) ಸಂಜೆ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಬೈಟೂ ಮಾಡದೆ ವಿಧಿಯೇ ಇಲ್ಲ. ಇರುವುದು ಒಂದೇ ಹೊಟ್ಟೆ; ಪಡ್ಡು, ಹೋಳಿಗೆ, ಗುಲ್ಕನ್ ಎಲ್ಲವೂ ಕರೆಯುತ್ತಿರುತ್ತವೆ.

ಇದನ್ನು ಜಿಪುಣತನ ಎನ್ನುವವರಿದ್ದಾರೆ. ಬೈಟೂ ಕುಡಿದವರು ಸ್ವಲ್ಪ ಹೊತ್ತಿಗೇ ಮತ್ತೆ ಬೈಟೂ ತರಿಸುತ್ತಾರೆ, ಉಳಿತಾಯ ಎಲ್ಲಿ ಬಂತು? ಇನ್ನರ್ಧ ಗಂಟೆ ಕೂರಲು ಅವರಿಗೊಂದು ನೆಪ ಬೇಕು, ಅಷ್ಟೇ. ನನಗೆ ಜಿಪುಣತನ ಕಾಣುವುದು ಈಚೆಗೆ ಬಂದ ‘ಸ್ಪ್ಲಿಟ್’ನಲ್ಲಿ. ರಾತ್ರಿ ಮನೆ ಮುಟ್ಟುವ ಮೊದಲೇ ಮೊಬೈಲಿಗೆ ಬಂದುಬಿಡುತ್ತದೆ: ತಲೆಗೆ ಇಷ್ಟು ರೂಪಾಯಿ, ಇಷ್ಟು ಪೈಸೆ. ಬೈಟೂ ಕಾಫಿಗೆ ಯಾರು ದುಡ್ಡು ಕೊಟ್ಟರೆಂದು ಮರುದಿನ ಯಾರಿಗೂ ನೆನಪಿರುವುದಿಲ್ಲ.

ಕೆಲವು ಹೋಟೆಲುಗಳಲ್ಲಿ ‘ಬೈಟೂ ಇಲ್ಲ’ ಎಂಬ ಬೋರ್ಡು ಕಾಣುತ್ತದೆ. ಲೋಟ ತೊಳೆಯುವವರ ಪಾಡು, ಜಾಗದ ಬಾಡಿಗೆ, ಎರಡೂ ಅರ್ಥವಾಗುತ್ತವೆ. ಮಾಲೀಕರೇ, ಬೇಕಾದರೆ ಬೈಟೂಗೆ ಐದು ರೂಪಾಯಿ ಹೆಚ್ಚಿಗೆ ತಗೊಳ್ಳಿ. ಆ ಬೋರ್ಡು ಮಾತ್ರ ಇಳಿಸಿಬಿಡಿ.