ಕ್ಯಾಲ್ಕುಲೇಟರ್ ಜಗಳ, ಚಾಟ್‌ಜಿಪಿಟಿ ಜಗಳ

1986ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಗಣಿತ ಮೇಷ್ಟ್ರುಗಳ ಸಮ್ಮೇಳನ. ಹೊರಗೆ ಕೆಲವು ಮೇಷ್ಟ್ರುಗಳೇ ಫಲಕ ಹಿಡಿದು ನಿಂತಿದ್ದರು! ಚಿಕ್ಕ ತರಗತಿಗಳಿಗೆ ಕ್ಯಾಲ್ಕುಲೇಟರ್ ಬೇಡ, ಮೊದಲು ಲೆಕ್ಕ ಕಲೀಲಿ ಅನ್ನೋದು ಅವರ ವಾದ. ಅವರದೇ ರಾಷ್ಟ್ರೀಯ ಮಂಡಳಿ 1980ರಲ್ಲೇ ಎಲ್ಲ ತರಗತಿಗಳಲ್ಲೂ ಬಳಸಿ ಅಂದಿತ್ತು. ಎಸ್‌ಎಟಿ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯಲು ಬಿಟ್ಟಿದ್ದು 1994ರಲ್ಲಿ.

ಚಾಟ್‌ಜಿಪಿಟಿ ವಿಷಯದಲ್ಲಿ ಇಷ್ಟು ಪುರುಸೊತ್ತೇ ಸಿಗಲಿಲ್ಲ ನೋಡಿ. 2022ರ ನವೆಂಬರ್ 30ಕ್ಕೆ ಬಂತು. 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ತಮ್ಮ ಕಂಪ್ಯೂಟರ್, ನೆಟ್‌ವರ್ಕ್‌ಗಳಲ್ಲಿ ಅದನ್ನು ತಡೆದವು, ಮೇ ತಿಂಗಳಲ್ಲಿ ತಡೆ ತೆಗೆಯುವುದಾಗಿ ಹೇಳಿದವು. (ಮನೇಲಿ, ಸ್ವಂತ ಫೋನಲ್ಲಿ ಬಳಸೋ ಹುಡುಗರನ್ನ ಯಾರು ತಡೀತಾರೆ?)

"ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹೆದರಿದ್ರು" ಅಂತಾರೆ. ಈ ಹೋಲಿಕೆ ನನಗೆ ಅರ್ಧ ಮಾತ್ರ ಒಪ್ಪಿಗೆ. 17ನ್ನು 23ರಿಂದ ಗುಣಿಸಿದರೆ ಕ್ಯಾಲ್ಕುಲೇಟರ್ ಪ್ರತಿ ಸಲವೂ 391 ಅನ್ನುತ್ತೆ. ಗುಂಡಿ ತಪ್ಪಿ ಒತ್ತಿದರೂ ಮಗ್ಗಿ ಬಲ್ಲ ಹುಡುಗಿ ಅಂದಾಜಲ್ಲೇ ಹಿಡೀತಾಳೆ. ಚಾಟ್‌ಜಿಪಿಟಿಯೋ, ಇಲ್ಲದ ಪುಸ್ತಕವನ್ನೂ ಲೇಖಕರ ಹೆಸರಿನ ಸಮೇತ ಹೇಳಿಬಿಡಬಹುದು... ಬೇರೆ ಕಡೆ ಹುಡುಕಿ ನೋಡದೆ ಅದು ಗೊತ್ತಾಗಲ್ಲ.

ಹುಡುಗರ ಮಾತು ಬಿಡಿ. ಅದು ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದಕ್ಕೆ 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ವಕೀಲರಿಗೆ 5000 ಡಾಲರ್ ದಂಡ ಬಿತ್ತು. ಅವರಲ್ಲೊಬ್ಬರು "ಇದು ನಿಜವಾದ ಕೇಸೇ?" ಅಂತ ವಿಚಾರಿಸಿದ್ದರು, ಚಾಟ್‌ಜಿಪಿಟಿಯನ್ನೇ.